ಬ್ರೇಕ್ ಪ್ಯಾಡ್ ಬಿಲ್ಲು ಎಲ್ಲಿ ಬೆಳೆಯುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಒಂದೇ ಬೀದಿಯಲ್ಲಿ ಎರಡು ಮನೆ, ಎರಡರ ಮುಂದೆಯೂ ಒಂದೇ ಮಾದರಿಯ ಸಣ್ಣ ಕಾರು ಅಂತ ಇಟ್ಟುಕೊಳ್ಳಿ. ಇಬ್ಬರೂ ಬ್ರೇಕ್ ಪ್ಯಾಡ್ ಬದಲಾಯಿಸಿಕೊಂಡು ಬಂದರು. ಒಬ್ಬರ ಬಿಲ್ಲು 2,000 ರೂಪಾಯಿ, ಇನ್ನೊಬ್ಬರದು 8,000. ಗ್ಯಾರೇಜಿನವನು ಮೋಸ ಮಾಡಿದ ಅಂತ ಎರಡನೆಯವರು ಬೈಯುತ್ತಾರೆ. ಮೋಸ ಇರಲೂಬಹುದು. ಆದರೆ ಎಷ್ಟೋ ಸಲ ಎರಡು ಬಿಲ್ಲೂ ಸರಿಯಾಗಿಯೇ ಇರುತ್ತವೆ. ಆ 6,000 ರೂಪಾಯಿ ವ್ಯತ್ಯಾಸ ಕಾರು ಗ್ಯಾರೇಜಿಗೆ ಬರುವ ಎಷ್ಟೋ ವಾರ ಮೊದಲು, ರಸ್ತೆಯಲ್ಲೇ ತೀರ್ಮಾನ ಆಗಿರುತ್ತದೆ.

ಹೇಗೆ ಅಂತ ನೋಡೋಣ. ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದಿನದಕ್ಕೆ ಡ್ರಮ್ ಬ್ರೇಕ್. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಬ್ರೇಕ್ ತುಳಿದಾಗ ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬಿಲ್ಲೆಗಳೇ ಪ್ಯಾಡ್. ಒತ್ತುವ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಚಕ್ರಕ್ಕೆ ಎರಡರಂತೆ ಮುಂದೆ ಒಟ್ಟು ನಾಲ್ಕು ಪ್ಯಾಡ್. ಅದೇ ಒಂದು ಸೆಟ್. ಒಂದೇ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿ ಇನ್ನೊಂದಕ್ಕೆ ಹಳೆಯದನ್ನೇ ಬಿಡಬಾರದು. ಬ್ರೇಕ್ ತುಳಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ.

ಬಳಪ ಸವೆಯಬೇಕು, ಸ್ಲೇಟು ಉಳಿಯಬೇಕು. ಪ್ಯಾಡಿಗೂ ಡಿಸ್ಕಿಗೂ ಇರುವ ಸಂಬಂಧ ಇಷ್ಟೇ. ಹೊಸ ಪ್ಯಾಡಿನಲ್ಲಿ ಉಜ್ಜುವ ಪದಾರ್ಥ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. ಅದು 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸುವುದು ಒಳ್ಳೆಯದು. ಎಷ್ಟು ಕಿಲೋಮೀಟರಿಗೆ ಇಳಿಯುತ್ತದೆ ಅಂದರೆ ಒಂದೇ ಉತ್ತರ ಇಲ್ಲ. ಸಾಮಾನ್ಯವಾಗಿ 30,000ದಿಂದ 50,000 ಅನ್ನುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವ ಕಾರಿಗೂ, ತುಮಕೂರು–ಚಿತ್ರದುರ್ಗ ಹೆದ್ದಾರಿಯಲ್ಲಿ ಓಡುವ ಕಾರಿಗೂ ಹೋಲಿಕೆಯೇ ಇಲ್ಲ.

ಈಗ ದುಡ್ಡಿನ ಮಾತು. ಆಲ್ಟೊ, ವ್ಯಾಗನ್‌ಆರ್ ಥರದ ಕಾರಿಗೆ ಮುಂದಿನ ಪ್ಯಾಡ್ ಸೆಟ್ ಹೆಚ್ಚುಕಮ್ಮಿ 1,000ದಿಂದ 2,500 ರೂಪಾಯಿ ಒಳಗೆ ಸಿಗುತ್ತದೆ. ಸ್ವಲ್ಪ ದೊಡ್ಡ ಕಾರು, ಎಸ್‌ಯುವಿ ಅಂದರೆ 2,500ರಿಂದ 5,000. ಜರ್ಮನಿಯ ದುಬಾರಿ ಕಾರುಗಳಿಗೆ 10,000ಕ್ಕಿಂತ ಮೇಲೆಯೇ. ಜೊತೆಗೆ ಪ್ಯಾಡ್ ಸವೆದಿದ್ದನ್ನು ತಿಳಿಸುವ ಸೆನ್ಸರಿಗೆ ಬೇರೆ ದುಡ್ಡು. ಲೇಬರ್ ಚಾರ್ಜು ಊರಿನ ಗ್ಯಾರೇಜಿನಲ್ಲಿ ಕೆಲವು ನೂರು ರೂಪಾಯಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಅದಕ್ಕಿಂತ ಜಾಸ್ತಿ. ಕೆಲಸ ಮಾತ್ರ ದೊಡ್ಡದಲ್ಲ. ಜಾಕ್ ಹಾಕಿ ಚಕ್ರ ಬಿಚ್ಚಬೇಕು, ಕ್ಯಾಲಿಪರ್ ಬೋಲ್ಟ್ ಸಡಿಲಿಸಬೇಕು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು. ಕೈ ಪಳಗಿದ ಮೆಕ್ಯಾನಿಕ್ ಎರಡೂ ಚಕ್ರಗಳನ್ನು ಒಂದು ಗಂಟೆಯೊಳಗೆ ಮುಗಿಸುತ್ತಾನೆ.

ತೆರಿಗೆಯದೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಪ್ಯಾಡ್ ಡಬ್ಬದ ಮೇಲಿನ ಎಂಆರ್‌ಪಿ ತೆರಿಗೆ ಸೇರಿಸಿಯೇ ಇರುವ ಬೆಲೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಸೇರಿಸಿದ್ದರೆ ಯಾಕೆ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಹಾಗಾದರೆ 2,000 ಹೇಗೆ 8,000 ಆಯಿತು? ಪ್ಯಾಡಿನ ಪದಾರ್ಥ ಪೂರ್ತಿ ಸವೆದರೆ ಅದರ ಹಿಂದಿನ ಉಕ್ಕಿನ ಹಲಗೆಯೇ ಡಿಸ್ಕಿಗೆ ಉಜ್ಜುತ್ತದೆ. ಕಬ್ಬಿಣಕ್ಕೆ ಉಕ್ಕು ತಾಗಿ ಗರಗರ ಸದ್ದು. ಡಿಸ್ಕಿನ ಮೇಲೆ ಉಳುಮೆ ಮಾಡಿದ ಹಾಗೆ ಸಾಲು. ಸಾಲು ತೆಳುವಾಗಿದ್ದರೆ ಲೇತಿಗೆ ಹಾಕಿ ಸಮ ಮಾಡಬಹುದು. ಇದಕ್ಕೆ ಸ್ಕಿಮ್ಮಿಂಗ್ ಅನ್ನುತ್ತಾರೆ. ಆದರೆ ಸಮ ಮಾಡಿದಷ್ಟೂ ಡಿಸ್ಕ್ ತೆಳ್ಳಗಾಗುತ್ತದೆ. ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ಕಡಿಮೆ ಆದರೆ ಹೊಸ ಜೋಡಿ ಡಿಸ್ಕ್ ಹಾಕಲೇಬೇಕು. ಪ್ಯಾಡಿಗಿಂತ ಡಿಸ್ಕ್ ದುಬಾರಿ. ಬಿಲ್ಲು ಬೆಳೆಯುವುದು ಇಲ್ಲೇ.

ಇಷ್ಟು ದೂರ ಬರುವ ತನಕ ಯಾರಿಗೂ ಗೊತ್ತಾಗಲಿಲ್ಲವಾ ಅಂತ ನೀವು ಕೇಳಬಹುದು. ಗೊತ್ತಾಗದೇ ಇರುವುದಕ್ಕೆ ಕಾರಣ ಇದೆ. ಅಲಾಯ್ ಚಕ್ರದ ಸಂದಿಯಿಂದ ಬಗ್ಗಿ ನೋಡಿದರೆ ಹೊರಗಿನ ಪ್ಯಾಡ್ ಮಾತ್ರ ಕಾಣುತ್ತದೆ. ಒಳಗಿನದು ಕಾಣುವುದಿಲ್ಲ. ಸಣ್ಣ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ, ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಆ ಪಿನ್ನುಗಳಲ್ಲಿ ಗ್ರೀಸ್ ಒಣಗಿದರೆ, ತುಕ್ಕು ಹಿಡಿದರೆ ಕ್ಯಾಲಿಪರ್ ಜಾರುವುದಿಲ್ಲ. ಆಗ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ. ಹೊರಗಿನದರಲ್ಲಿ 6 ಮಿಲಿಮೀಟರ್ ಉಳಿದಿದ್ದರೂ ಒಳಗಿನದು ತಗಡಾಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಇದನ್ನು ಜಾಸ್ತಿ ಗಮನಿಸಬೇಕು. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಸೇರಿ ಪಿನ್ನಿಗೆ ಬೇಗ ತುಕ್ಕು ಹಿಡಿಸುತ್ತವೆ. ಪಿನ್ನಿಗೆ ಹಾಕುವ ಗ್ರೀಸಿಗೆ ಕಾಸಿನ ಲೆಕ್ಕ. ಸರ್ವಿಸಿಗೆ ಬಿಟ್ಟಾಗ ಚಕ್ರ ಬಿಚ್ಚಿ, ಎರಡೂ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿವೆ ಅಂತ ಜಾಬ್ ಕಾರ್ಡಿನಲ್ಲಿ ಬರೆದುಕೊಡಿ ಎಂದು ಕೇಳಿ. "ಬ್ರೇಕ್ ಚೆಕ್ ಮಾಡಿದೀವಿ ಸಾರ್" ಅನ್ನುವುದು ನನ್ನ ಲೆಕ್ಕಕ್ಕೆ ಉತ್ತರವೇ ಅಲ್ಲ.

ಕೆಲವು ಪ್ಯಾಡುಗಳಿಗೆ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀಚ್ ಅಂತ ಕೂಗುತ್ತದೆ. ಅದು ಎಚ್ಚರಿಕೆಯ ಸದ್ದು. ರೇಡಿಯೋದ ಸದ್ದು ಜೋರು ಮಾಡಿ ಅದನ್ನು ಮುಚ್ಚಬೇಡಿ, ನಮ್ಮ ಕಾರ್ಯಕ್ರಮ ಬರುತ್ತಿದ್ದರೂ ಸರಿ! ಆದರೆ ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಕಾರು ಬೆಳಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕೆರೆದ ಸದ್ದು ಮಾಡಿದರೆ ಗಾಬರಿ ಬೇಡ. ಡಿಸ್ಕಿನ ಮೇಲೆ ತೆಳುವಾಗಿ ಕಟ್ಟಿದ ತುಕ್ಕು ಉದುರುತ್ತಿದೆ, ಅಷ್ಟೇ.

ಸದ್ದಿಗಿಂತ ಮೊದಲೇ ಸಿಗುವ ಸುಳಿವು ಬಾನೆಟ್ ಕೆಳಗಿದೆ. ಬ್ರೇಕ್ ಆಯಿಲ್ ಡಬ್ಬಿ. ಪೆಡಲ್ ತುಳಿದ ಒತ್ತಡವನ್ನು ಪಿಸ್ಟನ್ನಿಗೆ ಮುಟ್ಟಿಸುವುದು ಈ ಆಯಿಲೇ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬಂದು ನಿಲ್ಲುತ್ತದೆ, ಅದರ ಹಿಂದೆ ಆದ ಜಾಗವನ್ನು ಆಯಿಲ್ ತುಂಬುತ್ತದೆ. ಹಾಗಾಗಿ ಸೋರಿಕೆ ಇಲ್ಲದಿದ್ದರೂ ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತದೆ. ಪ್ಯಾಡ್ ನೋಡದೆ ಸುಮ್ನೆ ಆಯಿಲ್ ತುಂಬಿಸಿಕೊಟ್ಟರೆ ಸುಳಿವೇ ಅಳಿಸಿಹೋಗುತ್ತದೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆ ಹೆಚ್ಚಿನ ಆಯಿಲ್ ಉಕ್ಕಿ ಚೆಲ್ಲುತ್ತದೆ. ಚೆಲ್ಲಿದ ಕಡೆ ಬಣ್ಣ ಹಾಳು.

ಇನ್ನು ಡೂಪ್ಲಿಕೇಟ್ ಮಾಲು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ಒಂದೇ ಕಾರಿನ ಪ್ಯಾಡನ್ನು ಮೂರು ನಾಲ್ಕು ದರದಲ್ಲಿ ತೋರಿಸುತ್ತಾರೆ. ಕಾರು ಕಂಪನಿಯ ಹೆಸರಿನ ಡಬ್ಬ ಒಂದು. ರಾಣೆ, ಬಾಷ್, ಬ್ರೇಕ್ಸ್ ಇಂಡಿಯಾ ಥರದ ತಯಾರಕರು ಸ್ವಂತ ಹೆಸರಲ್ಲಿ ಮಾರುವುದು ಇನ್ನೊಂದು. ಕೊನೆಗೆ ಹೆಸರೇ ಕೇಳದ ಮಾಲು. ಮೊದಲ ಎರಡರಲ್ಲಿ ಯಾವುದನ್ನು ಕೊಂಡರೂ ನನಗೆ ತಕರಾರಿಲ್ಲ. ಎರಡನೆಯದು ಎಷ್ಟೋ ಸಲ ಅಗ್ಗವಾಗಿ, ಅಷ್ಟೇ ಚೆನ್ನಾಗಿರುತ್ತದೆ. ಮೂರನೆಯದರಲ್ಲಿ 500 ರೂಪಾಯಿ ಉಳಿಸುವ ಆಸೆ ಬೇಡ. ಕಳಪೆ ಪ್ಯಾಡ್ ಒಂದೋ ಬೇಗ ಸವೆಯುತ್ತದೆ, ಇಲ್ಲವೇ ಕಲ್ಲಿನಂತೆ ಗಟ್ಟಿಯಾಗಿದ್ದು ಡಿಸ್ಕನ್ನೇ ತಿನ್ನುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಕಾದಾಗ ಹಿಡಿತ ಬಿಡುತ್ತದೆ.

ಪ್ಯಾಡ್ ಸವೆದು ರಿಪೇರಿಗೆ ನಿಲ್ಲುವ ಕಥೆ ಕಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬ ಗಟ್ಟಿಗಿತ್ತಿ, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ ಅವನ ಹೊಸ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೊರಟಳು. ಜರ್ಮನಿಯ ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರ್ ಆಸುಪಾಸಿನ ದಾರಿ. ಇಳಿಜಾರಿನಲ್ಲಿ ಮರದ ಬ್ರೇಕು ಸವೆದುಹೋಯಿತು. ದಾರಿಯಲ್ಲಿ ಒಬ್ಬ ಚಪ್ಪಲಿ ಹೊಲಿಯುವವನನ್ನು ಹಿಡಿದು ಬ್ರೇಕಿಗೆ ಚರ್ಮ ಹೊಡೆಸಿಕೊಂಡು ಮುಂದೆ ಹೋದಳು. ಕಾರಿಗೆ ಬ್ರೇಕ್ ಲೈನಿಂಗ್ ಹಾಕಿದ ಮೊದಲ ಕೆಲಸ ಅದೇ ಅನ್ನುತ್ತಾರೆ. ಪಾಪ, ಆ ಚಮ್ಮಾರನಿಗೆ ಕೂಲಿ ಎಷ್ಟು ಸಿಕ್ಕಿತೋ!

ಇಳಿಜಾರು ಅಂದೆನಲ್ಲ, ನಮ್ಮ ಘಾಟಿಗಳಿಗೆ ಬರೋಣ. ಬ್ರೇಕ್ ಮಾಡುವುದು ಇಷ್ಟೇ: ಓಟವನ್ನು ಬಿಸಿಯಾಗಿ ಬದಲಾಯಿಸುವುದು. ಒಂದು ಟನ್ ತೂಕದ ಕಾರು 80ರ ವೇಗದಿಂದ ನಿಂತರೆ, 60ರಿಂದ ನಿಂತಾಗ ಹುಟ್ಟುವ ಬಿಸಿಯ ಸುಮಾರು 1.8 ಪಟ್ಟು ಹುಟ್ಟುತ್ತದೆ. ಸಿಗ್ನಲ್ ಕೆಂಪಾಗಿರುವುದು ಕಂಡರೂ ಕೊನೆ ತನಕ ನುಗ್ಗಿ ಗಕ್ಕನೆ ಬ್ರೇಕ್ ಹಾಕುವವರ ಪ್ಯಾಡ್ ಬೇಗ ಖಾಲಿಯಾಗುವುದು ಅದಕ್ಕೇ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಕಾರು ಸುಮಾರು 500 ಮೀಟರ್ ಎತ್ತರ ಕಳೆದುಕೊಳ್ಳುತ್ತದೆ. ಅಷ್ಟನ್ನೂ ಬ್ರೇಕಿನಿಂದಲೇ ತಡೆದರೆ, 60ರ ವೇಗದಿಂದ 35 ಸಲ ಪೂರ್ತಿ ನಿಲ್ಲಿಸಿದಷ್ಟು ಬಿಸಿ. ಅದೂ ಆ 14 ತಿರುವುಗಳ ಒಳಗೆ. ಅಷ್ಟು ಬಿಸಿಗೆ ಪ್ಯಾಡಿನ ಹಿಡಿತ ತಗ್ಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದು ಕುದಿಯಲೂಬಹುದು. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ. ನೀರು ಸೇರಿದ ಮೇಲೆ ಅದು 155ರ ಆಸುಪಾಸಿಗೆ ಇಳಿಯಬಹುದು. ಕುದಿದರೆ ಗುಳ್ಳೆ ಎದ್ದು ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಅನ್ನುವುದು ಸುಮ್ನೆ ಬಿಲ್ಲು ಏರಿಸಲಿಕ್ಕಲ್ಲ.

ಅದಕ್ಕೇ ಘಾಟಿಯಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ. ಆಗ ಎಂಜಿನ್ನೇ ಕಾರಿನ ಓಟವನ್ನು ತಡೆಯುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಹಾಕುವವರು ಇನ್ನೂ ಇದ್ದಾರೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಎಂಜಿನ್ನಿಗೆ ಹೋಗುವ ಇಂಧನವೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಚಾಲೂ ಇರಲು ಇಂಧನ ಬೇಕೇ ಬೇಕು. ಪೆಟ್ರೋಲೂ ಹೋಯಿತು, ಪ್ಯಾಡೂ ಹೋಯಿತು.

ಹಿಂದಿನ ಡ್ರಮ್ಮಿನೊಳಗೆ ಪ್ಯಾಡಿನ ಬದಲು ಇರುವ ಬ್ರೇಕ್ ಶೂಗಳಿಗೆ ಕೆಲಸ ಕಡಿಮೆ, ಅವು ಮುಂದಿನ ಪ್ಯಾಡಿಗಿಂತ ಹೆಚ್ಚು ಕಾಲ ಬರುತ್ತವೆ. ಮುಂದಿನದರ ಜೊತೆ ಹಿಂದಿನದನ್ನೂ ಬದಲಾಯಿಸೋಣ ಅಂದರೆ, ಡ್ರಮ್ ಬಿಚ್ಚಿ ತೋರಿಸಿ ಅನ್ನಿ. ಎಲೆಕ್ಟ್ರಿಕ್ ಕಾರಿನವರಿಗೆ ಈ ಖರ್ಚು ಇನ್ನೂ ಕಡಿಮೆ. ಕಾಲು ತೆಗೆದ ಕೂಡಲೇ ಮೋಟಾರೇ ಕಾರನ್ನು ನಿಧಾನ ಮಾಡಿ ಬ್ಯಾಟರಿಗೆ ಕರೆಂಟು ಕಳಿಸುತ್ತದೆ.

ಕೊನೆಯದಾಗಿ, ಕಾರು ವಾಪಸ್ ತರುವ ದಿನದ ಮಾತು. ತೆಗೆದ ಹಳೇ ಪ್ಯಾಡುಗಳನ್ನು ಕೇಳಿ ಪಡೆಯಿರಿ. ನಾಲ್ಕೂ ಒಂದೇ ಥರ ಸವೆದಿವೆಯಾ ನೋಡಿ. ಒಂದು ಮಾತ್ರ ತೆಳ್ಳಗಿದ್ದರೆ ಆ ಕಡೆಯ ಪಿನ್ನೋ ಪಿಸ್ಟನ್ನೋ ಹಿಡಿದುಕೊಂಡಿದೆ ಅಂತ ಅರ್ಥ. ಅಲ್ಲೇ, ಅವತ್ತೇ ಸರಿಮಾಡಿಸಿ. ಇಲ್ಲದಿದ್ದರೆ ಹೊಸ ಪ್ಯಾಡಿಗೂ ಅದೇ ಗತಿ.

ಕಾರು ಹೊರಡುವ ಮೊದಲು, ನಿಂತಲ್ಲೇ ಬ್ರೇಕನ್ನು ನಾಲ್ಕೈದು ಸಲ ತುಳಿಯಿರಿ. ಪಿಸ್ಟನ್ ಹಿಂದಕ್ಕೆ ಒತ್ತಿರುವುದರಿಂದ ಮೊದಲ ಸಲ ಪೆಡಲ್ ನೆಲಕ್ಕೆ ಮುಟ್ಟಬಹುದು. ಗಟ್ಟಿಯಾದ ಮೇಲೆಯೇ ಗೇರ್ ಹಾಕಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು. ಅಲ್ಲಿಯತನಕ ಹಿತವಾಗಿ, ಸ್ವಲ್ಪ ಮುಂಚಿತವಾಗಿಯೇ ಬ್ರೇಕ್ ಹಾಕಿ. ಶನಿವಾರ ಪ್ಯಾಡ್ ಹಾಕಿಸಿ ಭಾನುವಾರ ಧರ್ಮಸ್ಥಳಕ್ಕೆ ಹೊರಡುವ ಯೋಚನೆ ಇದ್ದರೆ, ಪ್ಯಾಡ್ ಕೆಲಸವನ್ನು ಹಿಂದಿನ ವಾರವೇ ಮುಗಿಸಿಕೊಳ್ಳಿ. ಚಾರ್ಮಾಡಿ ಘಾಟಿ ಹೊಸ ಪ್ಯಾಡನ್ನು ಪಳಗಿಸುವ ಜಾಗ ಅಲ್ಲ.

ನಮಸ್ಕಾರ.