ಘನತೆ ಕಾಯುವ ಒಂದು ಹಾಳೆ

ಸಭೆಗೆ ನಮಸ್ಕಾರ.

ಮಾನವ ಹಕ್ಕುಗಳ ದಿನದ ಭಾಷಣವೆಂದರೆ 1948ರ ಡಿಸೆಂಬರ್ 10ರಿಂದಲೇ ಶುರುವಾಗಬೇಕು ಎನ್ನುವುದು ಒಂದು ಅಲಿಖಿತ ನಿಯಮ. ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸೇರಿದ್ದು, 48 ದೇಶಗಳು ಸಾರ್ವತ್ರಿಕ ಘೋಷಣೆಯ ಪರ ಮತ ಹಾಕಿದ್ದು, 8 ದೇಶಗಳು ತಟಸ್ಥವಾಗಿ ಉಳಿದದ್ದು ನಿಮಗೆಲ್ಲ ಗೊತ್ತಿರುವ ಕಥೆ. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲೂ ವ್ಯಕ್ತಿಯ ಘನತೆಗೆ ಜಾಗವಿದೆ. ಇವೆರಡಕ್ಕೂ ಕೈಮುಗಿದು, ಇವತ್ತು ನಾನು ಒಂದೇ ಒಂದು ಹಾಳೆಯ ಬಗ್ಗೆ ಮಾತನಾಡುತ್ತೇನೆ. ಪೊಲೀಸ್ ಠಾಣೆಯಲ್ಲಿ ಅದಕ್ಕೆ ದಸ್ತಗಿರಿ ಮೆಮೊ ಎನ್ನುತ್ತಾರೆ.

ಆ ಹಾಳೆಯಲ್ಲಿ ಏನಿರುತ್ತದೆ? ಬಂಧಿತನ ಹೆಸರು, ಬಂಧಿಸಿದ ದಿನಾಂಕ ಮತ್ತು ಸಮಯ, ಕನಿಷ್ಠ ಒಬ್ಬ ಸಾಕ್ಷಿಯ ಸಹಿ. ಆ ಸಾಕ್ಷಿ ಬಂಧಿತನ ಮನೆಯವರಾಗಿರಬೇಕು, ಇಲ್ಲವೇ ಆ ಪ್ರದೇಶದ ಗೌರವಸ್ಥರಾಗಿರಬೇಕು. ಕೆಳಗೆ ಬಂಧಿತನೂ ಸಹಿ ಹಾಕಬೇಕು. ನೋಡಲು ನೀರಸವಾದ ಕಾಗದ. ಆದರೆ ಅದರಲ್ಲಿರುವ ಸಮಯ ಎಂಬ ಒಂದು ಅಂಕಣದ ಮೇಲೆ ಎಷ್ಟೆಲ್ಲ ನಿಂತಿದೆ ನೋಡಿ. ಬಂಧಿತರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಆ 24 ಗಂಟೆ ಯಾವಾಗ ಶುರುವಾಯಿತು ಎಂದು ಹೇಳಬೇಕಾದದ್ದು ಈ ಹಾಳೆ. ಹಾಗಾಗಿಯೇ ‘ಸುಮ್ಮನೆ ವಿಚಾರಿಸಲು ಕರೆದಿದ್ದೇವೆ’ ಎಂಬ ಮಾತು ಅಷ್ಟು ಚಾಲ್ತಿಯಲ್ಲಿದೆ. ಎರಡು ದಿನ ಠಾಣೆಯ ಬೆಂಚಿನ ಮೇಲೆ ಕೂತವನು ಕಡತದ ಪ್ರಕಾರ ಇನ್ನೂ ಬಂಧಿತನೇ ಆಗಿರುವುದಿಲ್ಲ. ಪೆಟ್ಟು ಬೀಳುವುದು ಬಹುಮಟ್ಟಿಗೆ ಈ ಲೆಕ್ಕವಿಲ್ಲದ ಹೊತ್ತಿನಲ್ಲೇ.

ಈ ಹಾಳೆ ಸರ್ಕಾರದ ಔದಾರ್ಯದಿಂದ ಹುಟ್ಟಿದ್ದಲ್ಲ. ಪಶ್ಚಿಮ ಬಂಗಾಳದಲ್ಲಿ ಕಾನೂನು ನೆರವು ಸಂಸ್ಥೆಯೊಂದನ್ನು ನಡೆಸುತ್ತಿದ್ದ ಡಿ.ಕೆ. ಬಸು 1986ರಲ್ಲಿ ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಜೋಡಿಸಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಸುಪ್ರೀಂ ಕೋರ್ಟ್ ಅದನ್ನೇ ರಿಟ್ ಅರ್ಜಿಯೆಂದು, ಅಂದರೆ ಮೂಲಭೂತ ಹಕ್ಕಿನ ರಕ್ಷಣೆ ಕೋರಿ ನೇರವಾಗಿ ಸಲ್ಲಿಸುವ ಅರ್ಜಿಯೆಂದು, ಪರಿಗಣಿಸಿತು. ತೀರ್ಪು ಬಂದದ್ದು 1996ರ ಡಿಸೆಂಬರ್‌ನಲ್ಲಿ. ಅದರಲ್ಲಿದ್ದ 11 ಸೂಚನೆಗಳನ್ನು ಓದಿದರೆ ಯಾವುದೋ ಗೋದಾಮಿನ ನಿಯಮಗಳಂತೆ ಕಾಣುತ್ತವೆ: ಅಧಿಕಾರಿ ಹೆಸರಿನ ಬಿಲ್ಲೆ ಧರಿಸಬೇಕು, ಮೆಮೊ ಬರೆಯಬೇಕು, ಬಂಧಿತನ ಕಡೆಯವರಿಗೆ ತಿಳಿಸಬೇಕು, ವಶದಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು. ಘನತೆಯ ಬಗ್ಗೆ ಭಾವುಕವಾಗಿ ಬರೆದ ನೂರು ಪುಟಗಳಿಗಿಂತ ಈ ಪಟ್ಟಿಯ ಮೇಲೆ ನನಗೆ ನಂಬಿಕೆ ಹೆಚ್ಚು. ಕತ್ತಲಲ್ಲಿ ನಡೆಯುವುದನ್ನು ಇದು ಮೂರನೆಯವರ ಕಣ್ಣಿಗೆ ಬೀಳಿಸುತ್ತದೆ. ಇವುಗಳಲ್ಲಿ ಹಲವು ಈಗ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಾಯ್ದೆಯಾಗಿಯೇ ಇವೆ. ಮೆಮೊದ ವಿಷಯ 36ನೇ ಕಲಮಿನಲ್ಲಿದೆ.

ಕಾಗದ ಸರಿಯಾಗಿ ಚಲಿಸದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಬಿಹಾರದ ರುದುಲ್ ಸಾಹ್ ಪ್ರಕರಣ ಓದಬೇಕು. 1968ರ ಜೂನ್‌ನಲ್ಲಿ ಸೆಷನ್ಸ್ ಕೋರ್ಟು ಅವರನ್ನು ಖುಲಾಸೆಗೊಳಿಸಿತು. ಅವರು ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್‌ನಲ್ಲಿ. ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ, ನಿರ್ದೋಷಿ ಎಂದು ಸಾಬೀತಾದ ಮೇಲೆ! ಮರುವರ್ಷ ಸುಪ್ರೀಂ ಕೋರ್ಟ್ ಕೊಡಿಸಿದ ಪರಿಹಾರ, ರಾಜ್ಯ ಮೊದಲೇ ಕೊಟ್ಟಿದ್ದನ್ನೂ ಸೇರಿಸಿ, 35,000 ರೂಪಾಯಿ. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಹಣದ ಪರಿಹಾರ ಕೊಡಬಹುದು ಎಂಬ ದಾರಿ ತೆರೆದ ತೀರ್ಪೆಂದು ಕಾನೂನು ಕಾಲೇಜುಗಳಲ್ಲಿ ಅದನ್ನು ಮೆಚ್ಚಿ ಪಾಠ ಮಾಡುತ್ತಾರೆ. ಮೆಚ್ಚಬೇಕಾದದ್ದೇ. ಆದರೂ ಆ ಮೊತ್ತವನ್ನು ಹದಿನಾಲ್ಕು ವರ್ಷಗಳಿಂದ ಭಾಗಿಸಿ ನೋಡಿದಾಗ ನನಗೆ ಮೆಚ್ಚುಗೆಗಿಂತ ನಾಚಿಕೆಯೇ ಮೊದಲು ಬರುತ್ತದೆ.

ಇನ್ನು ಕೈಕೋಳ. ತಿಹಾರ್ ಜೈಲಿನ ವಿಚಾರಣಾಧೀನ ಕೈದಿಯೊಬ್ಬ ತನಗೆ ಕೈಕೋಳ ತೊಡಿಸಿ ಕೋರ್ಟಿಗೆ ಕರೆದೊಯ್ಯುತ್ತಿದ್ದಾರೆಂದು ನ್ಯಾಯಮೂರ್ತಿಯೊಬ್ಬರಿಗೆ ಟೆಲಿಗ್ರಾಂ ಕಳಿಸಿದ. ಅದರಿಂದ ಹುಟ್ಟಿದ ಪ್ರೇಮ್ ಶಂಕರ್ ಶುಕ್ಲಾ ತೀರ್ಪು 1980ರದ್ದು. ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಆಗ ಜಾರಿಯಲ್ಲಿದ್ದ ಪಂಜಾಬ್ ಪೊಲೀಸ್ ನಿಯಮಗಳಲ್ಲಿ ಕೈದಿಗಳಿಗೂ ದರ್ಜೆಗಳಿದ್ದವು. ಅಂತಸ್ತು, ಓದು, ಬದುಕಿನ ರೂಢಿಯಿಂದ ‘ಮೇಲಿನ ದರ್ಜೆ’ಗೆ ಸೇರಿದ ಆರೋಪಿಗೆ ಕೈಕೋಳದಿಂದ ವಿನಾಯಿತಿ, ಉಳಿದವರಿಗೆ ಮಾಮೂಲಿ. ಉಳ್ಳವನ ಮಣಿಕಟ್ಟಿಗೆ ನಾಚಿಕೆಯಿದೆ, ಇಲ್ಲದವನ ಮಣಿಕಟ್ಟಿಗೆ ಇಲ್ಲ ಎಂದು ಸರ್ಕಾರವೇ ಮುದ್ರಿಸಿ ಹಂಚಿದಂತೆ! ಕೋರ್ಟು ಆ ತಾರತಮ್ಯವನ್ನು ಕಿತ್ತುಹಾಕಿ, ಓಡಿಹೋಗುವ ನಿಜವಾದ ಅಪಾಯವಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ, ಅದೂ ಕಾರಣವನ್ನು ಬರೆದಿಟ್ಟು, ಕೈಕೋಳ ಹಾಕಬಹುದು ಎಂದಿತು.

ಹೊಸ ಸಂಹಿತೆಯ 43ನೇ ಕಲಮು ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಅಪರಾಧಗಳ ಪಟ್ಟಿ ಕೊಟ್ಟು, ಅಪರಾಧದ ಸ್ವರೂಪ ಮತ್ತು ಗಂಭೀರತೆಯನ್ನು ನೋಡಿ ಕೈಕೋಳ ಹಾಕಬಹುದು ಎನ್ನುತ್ತದೆ. 1980ರ ತೀರ್ಪು ಕೇಳುತ್ತಿದ್ದ ಪ್ರಶ್ನೆ ಬೇರೆ: ಈ ಮನುಷ್ಯ ಓಡುತ್ತಾನೆಯೇ? ಈಗಿನ ಪ್ರಶ್ನೆ: ಇವನ ಮೇಲಿನ ಆರೋಪ ಯಾವುದು? ಇದು ಹಿಂದಕ್ಕೆ ಇಟ್ಟ ಹೆಜ್ಜೆ ಎಂಬುದು ನನ್ನ ಅಭಿಪ್ರಾಯ. ಸಭೆಯಲ್ಲಿರುವ ವಕೀಲ ಮಿತ್ರರು ಒಪ್ಪದಿದ್ದರೆ ಆಮೇಲೆ ವಾದಿಸೋಣ. 2025ರ ಫೆಬ್ರವರಿಯಲ್ಲಿ ಹರಿಯಾಣದ ಒಂದು ಪ್ರಕರಣ ಸುಪ್ರೀಂ ಕೋರ್ಟಿನ ಮುಂದಿತ್ತು. ಆಸ್ಪತ್ರೆಗೆ ದಾಖಲಾಗಿದ್ದ ಆರೋಪಿಯನ್ನು ಕೈಕೋಳ ತೊಡಿಸಿ ಮಂಚಕ್ಕೆ ಸರಪಳಿಯಿಂದ ಬಿಗಿದಿದ್ದರು. ಚಿಕಿತ್ಸೆಗೆ ಮಲಗಿದವನನ್ನು ಮಂಚಕ್ಕೆ ಕಟ್ಟಿಹಾಕುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯ ಉಲ್ಲಂಘನೆ ಎಂದು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು.

ಇಷ್ಟು ಹೇಳುವಷ್ಟರಲ್ಲಿ ಸಭಿಕರಲ್ಲಿ ಒಬ್ಬರಾದರೂ ಮನಸ್ಸಿನಲ್ಲಿ ಕೇಳಿಕೊಂಡಿರುತ್ತಾರೆ: ಕಳ್ಳಕಾಕರಿಗೆ ಎಂಥ ಹಕ್ಕು? ನೊಂದವರಿಗೆ ಹಕ್ಕಿಲ್ಲವೇ? ಸಿಟ್ಟಿನಲ್ಲಿ ಹುಟ್ಟಿದರೂ ಪ್ರಶ್ನೆ ನ್ಯಾಯವಾದದ್ದು. ಅತ್ಯಾಚಾರಕ್ಕೊಳಗಾದ ಹೆಣ್ಣುಮಕ್ಕಳಿಗೆ ಲೈಂಗಿಕ ಸಂಪರ್ಕದ ರೂಢಿಯಿದೆಯೇ ಎಂದು ನೋಡಲು ಅವರ ದೇಹದ ಮೇಲೆ ನಡೆಸುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ ಅವರ ಖಾಸಗಿತನ ಮತ್ತು ಘನತೆಯ ಉಲ್ಲಂಘನೆ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಆಧಾರವಾದದ್ದೂ ಇದೇ ಘನತೆಯ ತತ್ವ. ಆರೋಪಿಗೆ ಒಂದು, ಸಂತ್ರಸ್ತೆಗೆ ಒಂದು ಎಂದು ಎರಡು ಘನತೆಗಳು ನಮ್ಮ ಕಾನೂನಿನಲ್ಲಿಲ್ಲ. ಒಬ್ಬರದನ್ನು ಸಡಿಲ ಬಿಟ್ಟರೆ ಇನ್ನೊಬ್ಬರದೂ ಸಡಿಲವಾಗುತ್ತದೆ.

‘ನಾಲ್ಕು ಬಿಟ್ಟರೆ ಬಾಯಿ ಬಿಡುತ್ತಾನೆ’ ಎನ್ನುವವರಿಗೂ ಒಂದು ಮಾತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಬ್ರಿಟಿಷರ ಕಾಲದ ಕಾಯ್ದೆಯೂ ಹಾಗೇ ಹೇಳಿತ್ತು, ಹೊಸ ಸಾಕ್ಷ್ಯ ಅಧಿನಿಯಮವೂ ಹಾಗೇ ಹೇಳುತ್ತದೆ. ಆದರೆ ಆ ಹೇಳಿಕೆಯ ಜಾಡು ಹಿಡಿದು ಚಾಕುವೋ ಒಡವೆಯೋ ಸಿಕ್ಕರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಲಾಠಿಗೆ ಕೆಲಸ ಕೊಟ್ಟಿರುವುದು ಈ ಸಂದಿಯೇ.

ಠಾಣೆ ದಾಟಿ ಜೈಲಿಗೆ ಹೋದರೆ ಅಲ್ಲೂ ಒಂದು ರಿಜಿಸ್ಟರು. ಹಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳು ಅಡುಗೆ ಕೆಲಸವನ್ನು ಒಂದು ಜಾತಿಗೆ, ಗುಡಿಸುವ ಕೆಲಸವನ್ನು ಇನ್ನೊಂದು ಜಾತಿಗೆ ಹಂಚಿದ್ದವು. ಪತ್ರಕರ್ತೆಯೊಬ್ಬರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಕೋರ್ಟು ಅವನ್ನು ರದ್ದುಪಡಿಸಿ, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಅಂಕಣವನ್ನೇ ತೆಗೆಯಿರಿ ಎಂದಿತು. ಮೆಮೊದಲ್ಲಿ ಒಂದು ಅಂಕಣ ಇರುವುದು ಘನತೆಯನ್ನು ಕಾಯುತ್ತದೆ, ಇಲ್ಲಿ ಒಂದು ಅಂಕಣ ಇಲ್ಲದಿರುವುದು ಕಾಯುತ್ತದೆ.

ಕ್ಯಾಮೆರಾಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಲಾಕಪ್ಪು, ಕಾರಿಡಾರು, ಇನ್‌ಸ್ಪೆಕ್ಟರ್ ಕೊಠಡಿ ಯಾವುದೂ ತಪ್ಪಬಾರದು, ದೃಶ್ಯಗಳನ್ನು ಕನಿಷ್ಠ ಒಂದು ವರ್ಷ ಇಡಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2025ರ ಸೆಪ್ಟೆಂಬರ್‌ನಲ್ಲಿ, ಕೆಲಸ ಮಾಡದ ಕ್ಯಾಮೆರಾಗಳ ಬಗ್ಗೆ ಪತ್ರಿಕಾ ವರದಿ ನೋಡಿ ಅದೇ ಕೋರ್ಟು ತಾನಾಗಿಯೇ ಮತ್ತೆ ವಿಚಾರಣೆ ಶುರು ಮಾಡಬೇಕಾಯಿತು.

ಕೊನೆಯದಾಗಿ, ಬಾಕಿ ಉಳಿದಿರುವ ಕೆಲಸ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್‌ನಲ್ಲಿ ಸಹಿ ಹಾಕಿತು, ಅನುಮೋದನೆ ಕೊಟ್ಟಿಲ್ಲ. 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆಯುವ ಒಂದು ಮಸೂದೆಯನ್ನು ಅಂಗೀಕರಿಸಿತು. ಅದು ರಾಜ್ಯಸಭೆಯನ್ನು ದಾಟಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಕರಡು ಕಾಯ್ದೆಯನ್ನೇ ಬರೆದುಕೊಟ್ಟಿತು. ಜೊತೆಗೊಂದು ಸಲಹೆ: ವಶದಲ್ಲಿದ್ದವನ ಮೈಮೇಲೆ ಗಾಯ ಕಂಡರೆ, ಅದು ವಶದಲ್ಲಿಟ್ಟುಕೊಂಡವರಿಂದಲೇ ಆದದ್ದು ಎಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಅಧಿಕಾರಿಯದು. ಇದೇ ದಿಕ್ಕಿನ ಸಲಹೆಯನ್ನು ಆಯೋಗ 1985ರ 113ನೇ ವರದಿಯಲ್ಲೂ ಕೊಟ್ಟಿತ್ತು. 2023ರಲ್ಲಿ ಸಾಕ್ಷ್ಯ ಕಾಯ್ದೆಯನ್ನು ಹೊಸದಾಗಿ ಬರೆದಾಗಲೂ ಅದು ಒಳಗೆ ಬರಲಿಲ್ಲ.

ನನ್ನ ಮಾತು ಇಷ್ಟೇ. ಕೈಕೋಳದ ವಿಷಯದಲ್ಲಿ ಜಗಳಕ್ಕೆ ಬರುವವರು ಈಗ ಬರಬಹುದು.