ಕೋಶಕ್ಕೇ ಟೋಪಿ ಹಾಕುವ ಬಣ್ಣ

[ಕಪ್ಪು ತೆರೆ. ಒಂದೊಂದಾಗಿ ಹಸಿರು ಚುಕ್ಕೆಗಳು ಮೂಡುತ್ತವೆ.]

ನಮಸ್ಕಾರ. ಈ ಹಸಿರು ಚುಕ್ಕೆಗಳೆಲ್ಲ ಜೀವಂತ ಕೋಶಗಳು. ನಾವು ಹಾಕಿದ ಬಣ್ಣಕ್ಕೆ ಹಾಕುವಾಗ ಹೊಳಪೇ ಇರಲಿಲ್ಲ. ಹೊಳಪು ತಂದದ್ದು ಕೋಶವೇ.

ಇದು ಕ್ಯಾಲ್ಸೀನ್ ಎಎಂ. ಬರೀ ಕ್ಯಾಲ್ಸೀನ್ ಹಾಕಿದರೆ ಕೋಶದ ಒಳಗೆ ಹೋಗುವುದಿಲ್ಲ. ಕೋಶದ ಪೊರೆ ಎಣ್ಣೆಯ ಹಾಗೆ. ಕ್ಯಾಲ್ಸೀನಿಗೋ ಮೈತುಂಬ ಚಾರ್ಜು. ಎರಡಕ್ಕೂ ಆಗಿಬರುವುದಿಲ್ಲ. ಅದಕ್ಕೇ ಒಂದೊಂದು ಚಾರ್ಜಿಗೂ ಒಂದೊಂದು ರಾಸಾಯನಿಕ ಟೋಪಿ ಹಾಕುತ್ತಾರೆ. ಹೆಸರಿನಲ್ಲಿರುವ ‘ಎಎಂ’ ಅಂದರೆ ಈ ಟೋಪಿಯೇ. ಕೋಶಕ್ಕೂ ಟೋಪಿ ಹಾಕಿದಂತೆಯೇ ಆಯಿತು, ಅಲ್ವಾ?

[ಅನಿಮೇಷನ್: ಟೋಪಿ ಹಾಕಿದ ಅಣು ಪೊರೆ ದಾಟುತ್ತದೆ.]

ಈ ಎಎಂ ಟೋಪಿಯ ಉಪಾಯವನ್ನು 1981ರಲ್ಲಿ ಪ್ರಕಟಿಸಿದವರು ರೋಜರ್ ಚೆನ್. 2008ರಲ್ಲಿ ಅವರಿಗೆ ನೊಬೆಲ್ ಬಂತು. ಬಂದದ್ದು ಇದಕ್ಕಲ್ಲ, ಜೆಲ್ಲಿ ಮೀನಿನ ಹಸಿರು ಪ್ರೋಟೀನಿನ ಕೆಲಸಕ್ಕೆ. ನನಗೇನೋ ಟೋಪಿಯೇ ಜಾಸ್ತಿ ಇಷ್ಟ.

ಒಳಗೆ ಎಸ್ಟರೇಸ್ ಎಂಬ ಕಿಣ್ವಗಳಿವೆ. ಅವು ಕತ್ತರಿಯಂತೆ ಟೋಪಿಗಳನ್ನು ಕತ್ತರಿಸುತ್ತವೆ. ಬಣ್ಣ ಹೊಳೆಯುತ್ತದೆ. ಚಾರ್ಜು ಮತ್ತೆ ಹೊರಬಿದ್ದದ್ದರಿಂದ ಅದು ಪೊರೆ ದಾಟಿ ವಾಪಸ್ ಬರಲಾರದು. ಇಲಿಬೋನಿಗೆ ಬಿದ್ದ ಹಾಗೆ! ಸತ್ತ ಕೋಶದಲ್ಲಿ ಪೊರೆ ಹರಿದಿರುತ್ತದೆ, ಬಣ್ಣ ನಿಲ್ಲುವುದಿಲ್ಲ. ಬದುಕಿರುವ ಕೋಶ ಯಾವುದು, ಸತ್ತದ್ದು ಯಾವುದು ಅಂತ ಲ್ಯಾಬಿನಲ್ಲಿ ಹೀಗೇ ಗುರುತಿಸುತ್ತಾರೆ.

ಒಮ್ಮೆ ನಾನು, ಕೋಶಗಳನ್ನು ಬೆಳೆಸಲು ಹಾಕುವ ಸೀರಮ್ (ರಕ್ತದ ತಿಳಿ ದ್ರವ) ತೊಳೆಯದೆ ಸುಮ್ನೆ ಬಣ್ಣ ಸುರಿದಿದ್ದೆ. ಸೀರಮ್‌ನಲ್ಲೂ ಎಸ್ಟರೇಸ್ ಇರುತ್ತದೆ. ಕೋಶಗಳ ಹೊರಗೇ ಟೋಪಿ ಕಳಚಿ ಇಡೀ ತಟ್ಟೆ ಹಸಿರು! ಒಂದು ದಿನದ ಕೆಲಸ ಹಾಳು.

[ದೃಶ್ಯ: ಸ್ಪ್ರೇ ಬಾಟಲಿಯ ಚಿತ್ರ.]

ಇದೇ ಯೋಚನೆಯನ್ನು ಕ್ಯಾನ್ಸರ್ ಕಡೆ ತಿರುಗಿಸಿದವರು ಟೋಕಿಯೊ ವಿಶ್ವವಿದ್ಯಾಲಯದ ಯಾಸುತೆರು ಉರಾನೊ. ಅಮೆರಿಕದ ಹಿಸಾತಕಾ ಕೊಬಾಯಾಶಿ ಜೊತೆ 2011ರಲ್ಲಿ ಪ್ರಕಟಿಸಿದರು. ಇಲ್ಲಿ ಕತ್ತರಿ ಜಿಜಿಟಿ ಎಂಬ ಕಿಣ್ವ. ಹಲವು ಕ್ಯಾನ್ಸರ್ ಕೋಶಗಳ ಮೈಮೇಲೆ ಅದು ಜಾಸ್ತಿ ಇರುತ್ತದೆ. ಬಣ್ಣದ ಅಣುವಿಗೆ ಗ್ಲುಟಾಮಿಕ್ ಆಮ್ಲದ ತುಣುಕೊಂದನ್ನು ಅಂಟಿಸಿದ್ದರು. ಅದಿರುವಷ್ಟು ಹೊತ್ತು ಅಣುವಿನ ಒಂದು ಉಂಗುರ ಮುಚ್ಚಿಕೊಂಡಿರುತ್ತದೆ, ಹೊಳಪಿಲ್ಲ. ಜಿಜಿಟಿ ಆ ತುಣುಕನ್ನು ಕತ್ತರಿಸಿದರೆ ಉಂಗುರ ತೆರೆದು ಹಸಿರು ಬೆಳಕು. ಇಲಿಗಳ ಹೊಟ್ಟೆಯೊಳಗೆ ಹರಡಿದ್ದ ಗಡ್ಡೆಗಳ ಮೇಲೆ ಸಿಂಪಡಿಸಿದಾಗ ಒಂದೇ ನಿಮಿಷದಲ್ಲಿ ಪುಟ್ಟ ಪುಟ್ಟ ಗಡ್ಡೆಗಳೂ ಕಾಣಿಸಿಕೊಂಡವು.

ಹಾಗಂತ ಇದನ್ನು ‘ಕ್ಯಾನ್ಸರ್ ಹುಡುಕುವ ಸ್ಪ್ರೇ’ ಅನ್ನಬೇಡಿ. ಅದಕ್ಕೆ ಕಾಣುವುದು ಜಿಜಿಟಿ ಮಾತ್ರ. ಜಿಜಿಟಿ ಕಡಿಮೆ ಇರುವ ಗಡ್ಡೆ ಕತ್ತಲಲ್ಲೇ ಉಳಿಯುತ್ತದೆ. ಆರೋಗ್ಯವಂತ ಕಿಡ್ನಿಯಲ್ಲೋ, ಜಿಜಿಟಿ ಬೇಕಾದಷ್ಟಿದೆ.