ಫೈಲ್ ಇದೆ, ಓದಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹೋದ ಮಳೆಗಾಲದಲ್ಲಿ ಕೊಡಗಿನ ನಮ್ಮ ಜಮ್ಮಾ ಜಾಗದ (ತಲೆತಲಾಂತರದಿಂದ ಬಂದ ಭೂಮಿ) ಹಳೆಯ ಪತ್ರವೊಂದರ ನಕಲು ಬೇಕಾಗಿ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಹೊರಗೆ ಧೋ ಅಂತ ಮಳೆ, ಒಳಗೆ ಯುಪಿಎಸ್ ಕುಯ್ ಕುಯ್ ಅನ್ನುತ್ತಿತ್ತು. ಕೇಸ್ ವರ್ಕರ್ ಮೇಡಂ ಪಾಪ, ಅರ್ಧ ಗಂಟೆ ಹುಡುಕಿ ಫೈಲ್ ತೆರೆದರು. ನೋಡಿದರೆ ಸ್ಕ್ರೀನ್ ತುಂಬಾ ತಲೆಬುಡ ಇಲ್ಲದ ಗುರುತುಗಳು, ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಹೊಸ ಕಂಪ್ಯೂಟರಿಗೆ ಆ ಫಾಂಟ್ ಹಾಕಿಲ್ಲ. "ಅದು ಗೊತ್ತಿರುವವರು ರಜೆ ಸರ್, ಸೋಮವಾರ ಬನ್ನಿ" ಅಂದರು.

ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಫಾಂಟ್ ಹೋದರೆ ಕನ್ನಡವೂ ಹೋಯಿತು. ಯುನಿಕೋಡಿನಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವುದರಿಂದ ಈ ಗೋಳಿಲ್ಲ. ಹಳೆಯದನ್ನು ಯುನಿಕೋಡಿಗೆ ತಿರುಗಿಸುವ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ, ಒಂದು ರೂಪಾಯಿ ಕೊಡಬೇಕಿಲ್ಲ. ಕೇಂದ್ರ ಸರ್ಕಾರ ತನ್ನ ಇಲಾಖೆಗಳಲ್ಲಿ ಓಪನ್ ಸೋರ್ಸ್‌ಗೆ ಮೊದಲ ಆದ್ಯತೆ ಅಂತ 2015ರಲ್ಲೇ ನೀತಿ ತಂದಿದೆ. ಆದರೆ ಆ ಮೇಡಂಗೆ ಇದನ್ನು ಹೇಳಿಕೊಟ್ಟವರು ಯಾರು? ತಾವಾಗಿಯೇ ಹೊಸದೇನೋ ಹಾಕಿ, ನಾಳೆ ಏನಾದರೂ ಕೆಟ್ಟರೆ ನೋಟಿಸ್ ಬರುವುದು ಅವರಿಗೇ ಅಲ್ವಾ?

ಮಾಕುಟ್ಟ ಘಾಟಿ ಇಳಿದರೆ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ (ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಓಪನ್ ಸೋರ್ಸ್ ವ್ಯವಸ್ಥೆ) ಬಂದು ಎಷ್ಟೋ ವರ್ಷ ಆಯಿತು. 2019ರಲ್ಲಿ ಹೊಸ ಆವೃತ್ತಿ ತಂದಾಗ ಅದನ್ನು 2 ಲಕ್ಷ ಕಂಪ್ಯೂಟರುಗಳಿಗೆ ಹಾಕುವ ಲೆಕ್ಕ ಹೇಳಿದ್ದರು. ಸುಮ್ನೆ ಸಿಡಿ ಹಂಚಿ ಕೈ ತೊಳೆದುಕೊಳ್ಳಲಿಲ್ಲ ಅವರು. ಮೇಷ್ಟ್ರುಗಳಿಗೇ ತರಬೇತಿ ಕೊಟ್ಟು, ಅವರಿಂದ ಉಳಿದವರಿಗೆ ಕಲಿಸಿ, ಪಾಠಕ್ಕೆ ಬೇಕಾದ್ದನ್ನೆಲ್ಲ ಅದರೊಳಗೇ ಸೇರಿಸಿದರು. ಎಲ್ಲ ಕಡೆ ಹೀಗೆ ಆಗಲಿಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ ಸುಮಾರು 15,000 ಕಂಪ್ಯೂಟರ್ ಬದಲಿಸಿತು, 2017ರಲ್ಲಿ ಮತ್ತೆ ವಿಂಡೋಸ್‌ಗೆ ವಾಪಸ್ ಹೋಗುವ ನಿರ್ಧಾರ ಮಾಡಿತು. ರಾಜಕೀಯ ಇತ್ತು, ನಿಜ. ಐಟಿ ಕೆಲಸ ಇಲಾಖೆಗೊಂದು ತುಂಡಾಗಿ ಹಂಚಿಹೋಗಿತ್ತು ಅನ್ನುವ ದೂರೂ ಇತ್ತು. ನನಗೆ ಜಾಸ್ತಿ ಚಿಂತೆ ಆ ಎರಡನೆಯದರದ್ದೇ, ಯಾಕೆಂದರೆ ನಮ್ಮಲ್ಲೂ ಕಂಪ್ಯೂಟರ್ ಕೆಟ್ಟರೆ ಯಾರಿಗೆ ಹೇಳಬೇಕು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಕೊಡಗಿನಲ್ಲಿ ಈಗ 5 ತಾಲ್ಲೂಕು. ತಾಲ್ಲೂಕಿಗೆ ಒಬ್ಬರನ್ನು, ಈಗ ಕೆಲಸದಲ್ಲಿ ಇರುವವರನ್ನೇ ಆರಿಸಿ, ಚೆನ್ನಾಗಿ ಕಲಿಸಿ, ವಾರಕ್ಕೆ ಒಂದು ದಿನ ಬೇರೆ ಕೆಲಸ ಹಚ್ಚದೆ ಈ ಹಳೆಯ ಫೈಲುಗಳಿಗೇ ಬಿಡಿ. ಕಲಿಯುವಾಗ ಆದ ತಪ್ಪಿಗೆ ನೋಟಿಸ್ ಕೊಡುವುದಿಲ್ಲ ಅಂತ ಬರೆದೇ ಕೊಡಿ. ಮೊದಲು ಜಮೀನಿನ ಪತ್ರಗಳಿಂದ ಶುರು ಮಾಡಿ, ಇನ್ನೊಂದು ಮಳೆಗಾಲ ಬರುವುದರೊಳಗೆ.